ಮಾಂಸದ ಶೈತ್ಯೀಕರಣ ಮತ್ತು ಬೆಕ್ಕಿನ ಪರಾವಲಂಬಿಗಳು

ಹಸಿ ಮಾಂಸದಿಂದ ಬೆಕ್ಕಿಗೆ ದಾಟುವ ಪರಾವಲಂಬಿಗಳಲ್ಲಿ ಕೆಲವು ಕಡುಶೀತಕ್ಕೆ ಸಾಯುತ್ತವೆ, ಕೆಲವು ಜಗ್ಗುವುದಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಳ್ಳಿಗಳಲ್ಲಿ ಮಾಂಸವನ್ನು ಹೆಪ್ಪುಗಟ್ಟಿಸಿಡುವುದು ಹಳೆಯ ರೂಢಿಯಲ್ಲ. ಯುಗಾದಿಯ ಮರುದಿನ ಹೊಸತೊಡಕಿಗೆ ಹಲವು ಮನೆಯವರು ಸೇರಿ ಕುರಿ ಕೊಯ್ಯಿಸಿ, ಈಲಿ, ಬೋಟಿ, ಮೂಳೆ ಎಲ್ಲರಿಗೂ ಸಮನಾಗಿ ಬರುವಂತೆ ಬಾಡನ್ನು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಅಂದೇ ಸಾರಾಗುತ್ತದೆ, ಮಿಕ್ಕಿದ್ದು ಉಪ್ಪು, ಅರಿಸಿನ ಸವರಿಸಿಕೊಂಡು ಬಿಸಿಲಿನಲ್ಲಿ ಉಪ್ಪುಕಂಡವಾಗುತ್ತದೆ. ಚೆನ್ನಾಗಿ ಬೆಂದ ಬಾಡಿನಲ್ಲಿ ಪರಾವಲಂಬಿ ಉಳಿಯದು. ಆದರೆ ಕತ್ತರಿಸುವ ಕೊರಡಿನ ಬಳಿ ಕಾದು ಕೂತ ಬೆಕ್ಕಿಗೆ ಸಿಗುವುದು ಹಸಿ ಚೂರೇ.

ಶೀತದ ಲೆಕ್ಕಾಚಾರ ಶುರುವಾದದ್ದು ಬೆಕ್ಕಿಗಾಗಿ ಅಲ್ಲ. ಹಂದಿಮಾಂಸದ ಟ್ರೈಕಿನೆಲ್ಲ ಹುಳು ಶೀತಕ್ಕೆ ಸಾಯುವ ಬಗೆಯನ್ನು ಅಮೆರಿಕದ ಬಿ. ಎಚ್. ರ‍್ಯಾನ್ಸಂ 1916ರಲ್ಲಿ ಪ್ರಕಟಿಸಿದರು. ತೆಳುವಾದ ತುಂಡಿಗೆ ಮೈನಸ್ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ದಿನ ಎಂಬ ನಿಯಮ ಆ ಬಗೆಯ ಪ್ರಯೋಗಗಳ ಫಲ. ಬೆಕ್ಕಿನ ಮಟ್ಟಿಗೆ ಮುಖ್ಯವಾದ ಟಾಕ್ಸೋಪ್ಲಾಸ್ಮ ಗೊಂಡೈ ಎಂಬ ಪರಾವಲಂಬಿ 1908ರಲ್ಲಿ ಟ್ಯುನಿಸ್‌ನಲ್ಲೂ ಬ್ರೆಜಿಲ್‌ನಲ್ಲೂ ಪತ್ತೆಯಾಗಿತ್ತು. ಅದರ ಸಂತಾನೋತ್ಪತ್ತಿ ಪೂರ್ತಿಯಾಗುವುದು ಬೆಕ್ಕಿನ ಕರುಳಿನಲ್ಲಿ ಎಂಬುದು ಖಚಿತವಾಗಲು ಮಾತ್ರ 1970 ಬರಬೇಕಾಯಿತು. ಆ ಶೋಧ ನಡೆಸಿದವರಲ್ಲಿ ಭಾರತ ಮೂಲದ ಪಶುವೈದ್ಯ ವಿಜ್ಞಾನಿ ಜೆ. ಪಿ. ದುಬೆ ಒಬ್ಬರು. ಮಾಂಸಖಂಡದೊಳಗೆ ಅಡಗಿರುವ ಇದರ ಚೀಲದಂಥ ಸಿಸ್ಟ್‌ಗಳು ಸುಮಾರು ಮೈನಸ್ 12 ಡಿಗ್ರಿಗೆ ಸೋಂಕಿನ ಶಕ್ತಿ ಕಳೆದುಕೊಳ್ಳುತ್ತವೆಂದು 1991ರ ಹಂದಿಮಾಂಸದ ಪ್ರಯೋಗಗಳು ತೋರಿಸಿದವು. ಈ ಶೀತ ಮುಟ್ಟಬೇಕಾದ್ದು ತುಂಡಿನ ನಡುಭಾಗವನ್ನು. ಆಗಾಗ ಕರೆಂಟ್ ಹೋಗುವ ಮನೆಯಲ್ಲಿ, ಒಂದೇ ಬಾಗಿಲಿನ ಫ್ರಿಜ್‌ನ ಐಸ್ ಪೆಟ್ಟಿಗೆಯನ್ನು ನೆಚ್ಚಿಕೊಂಡು ಹಸಿ ಮಾಂಸ ಹಾಕುವುದು ಜಾಣತನವಲ್ಲ. ಸಾಲ್ಮೊನೆಲ್ಲದಂಥ ಬ್ಯಾಕ್ಟೀರಿಯಾಗಳಂತೂ ಸರಿಯಾದ ಫ್ರೀಜರ್‌ನಲ್ಲೂ ಬದುಕಿರಬಲ್ಲವು.

ಸಾರ್ಕೊಸಿಸ್ಟಿಸ್ ಇನ್ನೊಂದು ಬಗೆಯ ಪರಾವಲಂಬಿ. ಎಮ್ಮೆಯ ಅನ್ನನಾಳವನ್ನು ಸೀಳಿದಾಗ ಕೆಲವೊಮ್ಮೆ ಅನ್ನದ ಅಗುಳಿನಂಥ ಬಿಳಿ ಕಾಳುಗಳು ಬರಿಗಣ್ಣಿಗೇ ಕಾಣುತ್ತವೆ. ಅದೇ ಸಾರ್ಕೊಸಿಸ್ಟಿಸ್ ಫ್ಯುಸಿಫಾರ್ಮಿಸ್. ಅದರ ಜೀವನಚಕ್ರ ಮುಗಿಯುವುದು ಬೆಕ್ಕಿನಲ್ಲಿ. ಇದೇ ಕುಲಕ್ಕೆ ಸೇರಿದ, ಹಂದಿಮಾಂಸದಲ್ಲಿರುವ ಜಾತಿಯೊಂದು ಮೈನಸ್ 20ರಲ್ಲಿ ಒಂದು ದಿನಕ್ಕೇ ನಿಷ್ಕ್ರಿಯವಾಗುತ್ತದೆಂದು ಭಾರತೀಯ ಪಶುವೈದ್ಯರು 1990ರಲ್ಲಿ ವರದಿ ಮಾಡಿದರು.

ಸೋಂಕು ತಗಲಿದ ಬೆಕ್ಕು ಹೇಲಿನಲ್ಲಿ ಹೊರಹಾಕುವ ಟಾಕ್ಸೋಪ್ಲಾಸ್ಮದ ಮೊಟ್ಟೆಯಂಥ ಊಸಿಸ್ಟ್‌ಗಳ ಕಥೆ ಬೇರೆ. ಮಣ್ಣಿನಲ್ಲಿ ಬಲಿತ ಇವು ಮೈನಸ್ 20ರಲ್ಲಿ 28 ದಿನ ಇಟ್ಟರೂ ಸಾಯಲಿಲ್ಲವೆಂದು ದುಬೆ ಮತ್ತು ಅವರ ಸಹಸಂಶೋಧಕ ಫ್ರೆಂಕೆಲ್ 1973ರಲ್ಲಿ ಬರೆದರು. ಅಂಗಳ, ತಿಪ್ಪೆ ಕೆದಕಿ ಮೇಯುವ ನಾಟಿ ಕೋಳಿಗೆ ಈ ಮಣ್ಣಿನ ಸಂಪರ್ಕ ಫಾರಂ ಕೋಳಿಗಿಂತ ಹೆಚ್ಚು, ಹಾಗಾಗಿ ಅದರ ಮಾಂಸಕ್ಕೆ ಸೋಂಕು ತಗಲುವ ಸಾಧ್ಯತೆಯೂ ಹೆಚ್ಚು.

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ರಾಗಿ ಬೆಳೆಯುವ ಮನೆಗಳಲ್ಲಿ ಬೆಕ್ಕು ಸಾಕುವುದೇ ಇಲಿ ಹಿಡಿಯಲಿ ಎಂದು. ಇಲಿಯ ಈಲಿಯಲ್ಲಿ ಬೆಳೆಯುವ ಮರಿಹುಳು ಬೆಕ್ಕಿನ ಹೊಟ್ಟೆಗಿಳಿದು ಟೀನಿಯ ಟೀನಿಯೆಫಾರ್ಮಿಸ್ ಎಂಬ ಲಾಡಿಹುಳುವಾಗುತ್ತದೆ. ಟಾಕ್ಸೋಪ್ಲಾಸ್ಮವೂ ಇಲಿಯಿಂದ ಬರಬಲ್ಲದು. ಅಂಥ ಬೇಟೆ ಯಾವ ಫ್ರೀಜರ್‌ಗೂ ಹೋಗಿ ಬರುವುದಿಲ್ಲ. ಲಾಡಿಹುಳುವಿಗೆ ಪಶುವೈದ್ಯರು ಪ್ರಾಜಿಕ್ವಾಂಟೆಲ್ ಕೊಡುತ್ತಾರೆ. ಟಾಕ್ಸೋಪ್ಲಾಸ್ಮ ಆ ಮಾತ್ರೆಗೆ ಬಗ್ಗುವುದಿಲ್ಲ.