ಒರ್ವಿಯೇತೋದಲ್ಲಿ ಒಂದು ರಾತ್ರಿ

ರೋಮ್ ನಗರದಿಂದ ಫ್ಲಾರೆನ್ಸಿನತ್ತ ಸಾಗುವ ರೈಲಿನಲ್ಲಿ ಕುಳಿತವರಿಗೆ ಒಂದು ಗಂಟೆಗೂ ತುಸು ಹೆಚ್ಚು ಹೊತ್ತಿನ ನಂತರ, ಕಣಿವೆಯ ನಡುವೆ ಗೋಡೆಯಂತೆ ನೆಟ್ಟಗೆ ಎದ್ದುನಿಂತ ಬಂಡೆಯೊಂದು ಕಾಣಿಸುತ್ತದೆ. ಅದರ ನೆತ್ತಿಯ ಮೇಲೆ ಒಂದು ಊರು. ಅದೇ ಉಂಬ್ರಿಯ ಪ್ರಾಂತದ ಒರ್ವಿಯೇತೋ. ಪ್ರಿಯ ಓದುಗರೇ, ಮನೆಮಂದಿಯೊಡನೆ ಇಟಲಿಯ ಯಾತ್ರೆ ಕೈಗೊಂಡವರಲ್ಲಿ ಅನೇಕರು ಈ ಊರನ್ನು ಮೂರು ನಾಲ್ಕು ಗಂಟೆಗಳಲ್ಲಿ ನೋಡಿ ಮುಗಿಸಿ ಮತ್ತೆ ರೈಲು ಹತ್ತುತ್ತಾರೆ. ಸಾಧ್ಯವಾದರೆ ಒಂದು ರಾತ್ರಿ ಇಲ್ಲಿ ತಂಗಿರಿ ಎಂದು ನಾನು ಹೇಳುವೆ. ಏಕೆಂದರೆ ಈ ಊರಿನ ಚರಿತ್ರೆಯ ಬಹುಭಾಗ ಇಲ್ಲಿ ತಂಗಿ ಹೋದವರ ಚರಿತ್ರೆಯೇ ಆಗಿದೆ.

ನಿಲ್ದಾಣದೆದುರಿನಿಂದ ಉಕ್ಕಿನ ಹಗ್ಗ ಎಳೆಯುವ ಪುಟ್ಟ ರೈಲು ನಿಮ್ಮನ್ನು ಮೇಲಕ್ಕೆ ಒಯ್ಯುತ್ತದೆ. ವಯಸ್ಸಾದ ತಾಯಿತಂದೆಯರು ಜೊತೆಗಿದ್ದರೂ ಚಿಂತೆಯಿಲ್ಲ. 1888ರಲ್ಲಿ ಆರಂಭವಾದಾಗ ಇದು ನೀರಿನ ಭಾರದಿಂದ ಚಲಿಸುತ್ತಿತ್ತು; 1970ರಲ್ಲಿ ನಿಂತುಹೋಗಿ, 1990ರಲ್ಲಿ ವಿದ್ಯುತ್ತಿನಿಂದ ಮತ್ತೆ ಓಡತೊಡಗಿತು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಉಂಟಾದ ಈ ಬಂಡೆಯ ಮೇಲೆ ಮೊದಲು ನೆಲೆಸಿದವರು ಎತ್ರುಸ್ಕನರು. ಕ್ರಿ.ಪೂ. 264ರಲ್ಲಿ ರೋಮನರು ಊರನ್ನು ನಾಶಮಾಡಿ, ಉಳಿದವರನ್ನು ಬೊಲ್ಸೇನ ಸರೋವರದ ದಡಕ್ಕೆ ಅಟ್ಟಿದರು. ಆ ಬೊಲ್ಸೇನದ ಹೆಸರು ಮತ್ತೆ ಬರಲಿದೆ.

ಸಂಜೆ ನೇರವಾಗಿ ಪ್ರಧಾನಾಲಯದ ಮುಂದಿನ ಚೌಕಕ್ಕೆ ನಡೆಯಿರಿ. ಅದರ ಮುಖಭಾಗವು ಪಡುವಣ ದಿಕ್ಕಿಗಿರುವುದರಿಂದ ಇಳಿಬಿಸಿಲಿನಲ್ಲಿ ಅಲ್ಲಿನ ಚಿನ್ನದ ಬಣ್ಣದ ಕುಸುರಿಚಿತ್ರಗಳು ಹೊಳೆಯುತ್ತವೆ. ಜಗದ್ಗುರು ನಾಲ್ಕನೆಯ ನಿಕೋಲಾಸರು 1290ರಲ್ಲಿ ಇದರ ಅಡಿಗಲ್ಲಿಟ್ಟರು. ಒಳಗೆ ಲೂಕ ಸಿಞೊರೆಲ್ಲಿ 1499ರಿಂದ 1504ರವರೆಗೆ ಬಿಡಿಸಿದ ಅಂತಿಮ ತೀರ್ಪಿನ ಭಿತ್ತಿಚಿತ್ರಗಳಿವೆ. ಮಕ್ಕಳಿಗೆ ತುಸು ಭಯ ಹುಟ್ಟಿಸಬಹುದು. ಆದರೆ ಊರಿನವರು ಎಲ್ಲಕ್ಕಿಂತ ಹೆಚ್ಚಾಗಿ ಗೌರವಿಸುವುದು ಒಂದು ಬಟ್ಟೆಯ ತುಂಡನ್ನು.

ಪರಂಪರೆ ಹೇಳುವುದು ಹೀಗೆ: 1263ರಲ್ಲಿ ಬೊಹೀಮಿಯದ ಒಬ್ಬ ಗುರು ರೋಮಿನತ್ತ ಯಾತ್ರೆ ಹೊರಟಿದ್ದರು. ಪರಮಪ್ರಸಾದದಲ್ಲಿ ಕ್ರಿಸ್ತರು ನಿಜವಾಗಿ ಇರುವರೇ ಎಂಬ ಸಂದೇಹ ಅವರನ್ನು ಕಾಡುತ್ತಿತ್ತು. ದಾರಿಯಲ್ಲಿ ತಂಗಿದ ಬೊಲ್ಸೇನದಲ್ಲಿ ಬಲಿಪೂಜೆ ಅರ್ಪಿಸುವಾಗ ರೊಟ್ಟಿಯಿಂದ ರಕ್ತ ತೊಟ್ಟಿಕ್ಕಿ ಪೀಠದ ಬಿಳಿವಸ್ತ್ರವನ್ನು ತೋಯಿಸಿತು. ಆಗ ಜಗದ್ಗುರು ನಾಲ್ಕನೆಯ ಅರ್ಬನರು ಒರ್ವಿಯೇತೋದಲ್ಲಿಯೇ ಇದ್ದರು. ಆ ವಸ್ತ್ರವನ್ನು ಅವರ ಬಳಿಗೆ ತರಲಾಯಿತು. 1264ರ ಆಗಸ್ಟ್ 11ರಂದು ಅವರು ಈ ಊರಿನಿಂದಲೇ ಕ್ರಿಸ್ತರ ಪರಮ ಶರೀರದ ಮಹೋತ್ಸವವನ್ನು ಇಡೀ ಧರ್ಮಸಭೆಗೆ ಸಾರಿದರು. ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಆಚರಿಸುವುದು ಅದನ್ನೇ.

ಚರಿತ್ರೆಯ ವಿದ್ಯಾರ್ಥಿಯು ಇಲ್ಲಿ ಸ್ವಲ್ಪ ನಿಲ್ಲಬೇಕು. ಅರ್ಬನರ ಆಜ್ಞಾಪತ್ರದಲ್ಲಿ ಬೊಲ್ಸೇನದ ಪವಾಡದ ಉಲ್ಲೇಖವಿಲ್ಲ. ಇನ್ನೊಂದು ಎಳೆ ಬೆಲ್ಜಿಯಂನ ಲಿಯೇಜ್ ನಗರಕ್ಕೆ ಹೋಗುತ್ತದೆ. ಅಲ್ಲಿ ಈ ಹಬ್ಬಕ್ಕಾಗಿ ಹಂಬಲಿಸಿದವರು ಸಂತ ಜೂಲಿಯಾನ. 1246ರಲ್ಲಿ ಅಲ್ಲಿನ ಧರ್ಮಾಧ್ಯಕ್ಷರು ತಮ್ಮ ಧರ್ಮಪ್ರಾಂತಕ್ಕೆ ಅದನ್ನು ವಿಧಿಸಿದರು. ಫ್ರಾನ್ಸಿನ ಚಮ್ಮಾರನೊಬ್ಬನ ಮಗನಾದ ಅರ್ಬನರು ಹಿಂದೆ ಅದೇ ಲಿಯೇಜಿನಲ್ಲಿ ಸೇವೆ ಸಲ್ಲಿಸಿದವರು. ಜೂಲಿಯಾನಳು ತನ್ನ ಮಠದಿಂದ ದೂರವಾಗಿ 1258ರಲ್ಲಿ ಕಣ್ಮುಚ್ಚಿದಳು. ತನ್ನ ಹಬ್ಬ ಲೋಕದ ಹಬ್ಬವಾದುದನ್ನು ಆಕೆ ಕಾಣಲಿಲ್ಲ. ಪವಾಡದ ಕಥೆಯ ನೆರಳಿನಲ್ಲಿ ಈ ಹೆಣ್ಣುಮಗಳ ತಾಳ್ಮೆ ಮರೆಯಾಗಬಾರದೆಂದು ನನಗನಿಸುತ್ತದೆ.

ಅರ್ಬನರಾದರೋ ಜಗದ್ಗುರುವಾಗಿ ಒಮ್ಮೆಯೂ ರೋಮಿಗೆ ಕಾಲಿಡಲಾಗಲಿಲ್ಲ. ಶತ್ರುಗಳ ಭೀತಿಯಿಂದ ವಿತೆರ್ಬೊ, ಒರ್ವಿಯೇತೋ ಎಂದು ಗುಡ್ಡದೂರುಗಳಲ್ಲಿ ತಂಗಿದರು. ಆ ದಿನಗಳಲ್ಲಿ ಇಲ್ಲಿನ ದೊಮಿನಿಕರ ಮಠದಲ್ಲಿ ಪಾಠ ಹೇಳುತ್ತಿದ್ದವರು ಸಂತ ತೋಮಸ್ ಅಕ್ವಿನಾಸ್. ಹಬ್ಬದ ಪ್ರಾರ್ಥನಾವಿಧಿಯನ್ನು ರಚಿಸಿದ ಕೀರ್ತಿ ಅವರದು. ಹಬ್ಬ ಸಾರಿ ಎರಡು ತಿಂಗಳು ತುಂಬುವ ಮೊದಲೇ ಅರ್ಬನರು ಪೆರುಜದಲ್ಲಿ ನಿಧನರಾದರು. ಆಜ್ಞೆ ಎಲ್ಲೆಡೆ ಜಾರಿಗೆ ಬರಲು ಮತ್ತೆ ಅರ್ಧ ಶತಮಾನ ಬೇಕಾಯಿತು. ಪರಮಪ್ರಸಾದವನ್ನು ದಾರಿಬುತ್ತಿ ಎಂದು ಕರೆಯುವ ಧರ್ಮಸಭೆಗೆ ಆ ಹಬ್ಬ ದೊರೆತದ್ದು, ನೆಲೆಯಿಲ್ಲದೆ ಅಲೆದ ಒಬ್ಬ ಗುರುವಿನಿಂದ.

ರಾತ್ರಿ ಊಟ ಮುಗಿಸಿ ಓಣಿಗಳಲ್ಲಿ ಸುತ್ತಾಡಿರಿ. ಹಗಲಿನ ಜನಜಂಗುಳಿ ರೈಲು ಹತ್ತಿಹೋಗಿ, ಕಲ್ಲುಹಾಸಿನ ಮೇಲೆ ನಿಮ್ಮ ಹೆಜ್ಜೆಯ ಸದ್ದೇ ನಿಮಗೆ ಕೇಳಿಸುತ್ತದೆ. ಮಾರನೆಯ ಬೆಳಗ್ಗೆ ಇಳಿಯುವ ಮುನ್ನ, ಹಗ್ಗದ ರೈಲಿನ ಮೇಲಿನ ನಿಲ್ದಾಣದ ಪಕ್ಕದಲ್ಲೇ ಇರುವ ಬಾವಿಯನ್ನು ನೋಡಲೇಬೇಕು.

1527ರ ಮೇ ತಿಂಗಳಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನಿಕರು ರೋಮನ್ನು ಸೂರೆಗೈದರು. ಸೆರೆಯಲ್ಲಿದ್ದ ಜಗದ್ಗುರು ಏಳನೆಯ ಕ್ಲೆಮೆಂಟರು ಡಿಸೆಂಬರಿನಲ್ಲಿ ವೇಷ ಮರೆಸಿಕೊಂಡು ಒರ್ವಿಯೇತೋಗೆ ಬಂದರು. 1528ರ ವಸಂತದಲ್ಲಿ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ದೂತರು, ರಾಣಿ ಕ್ಯಾಥರೀನಳ ವಿವಾಹವನ್ನು ಅಸಿಂಧುಗೊಳಿಸಬೇಕೆಂದು ಕೇಳುತ್ತಾ ಬಂದುದು ಇಲ್ಲಿಗೇ. ಪಾಳುಬಿದ್ದ ಅರಮನೆ, ಬರಿದಾದ ಕೋಣೆಗಳು ಅವರ ಕಣ್ಣಿಗೆ ಬಿದ್ದವು. ಕ್ಯಾಥರೀನ್ ಅದೇ ಚಕ್ರವರ್ತಿಯ ಚಿಕ್ಕಮ್ಮ. ಇಂಗ್ಲೆಂಡಿನ ಧರ್ಮಸಭೆಯನ್ನು ಮುಂದೆ ಸೀಳಿದ ಆ ಪ್ರಶ್ನೆಗೆ ಉತ್ತರಿಸಬೇಕಾದವರು ಸ್ವತಃ ನಿರಾಶ್ರಿತರಾಗಿದ್ದರು. ಅವರು ಕಾಲ ತಳ್ಳಿದರೆಂದು ದೂರುವವರು ಆ ಕೋಣೆಗಳನ್ನೂ ನೆನೆಯಬೇಕು.

ಕಡಿದಾದ ಬಂಡೆ ಶತ್ರುವನ್ನು ತಡೆಯುತ್ತದೆ. ಆದರೆ ಮುತ್ತಿಗೆ ಬಿದ್ದರೆ ನೀರೆಲ್ಲಿ? ಕ್ಲೆಮೆಂಟರು ಕಿರಿಯ ಆಂತೋನಿಯೊ ದ ಸಂಗಾಲ್ಲೊ ಎಂಬ ಶಿಲ್ಪಿಯಿಂದ ಬಾವಿ ತೋಡಿಸಲು ಆರಂಭಿಸಿದರು. ಆಳ 53 ಮೀಟರ್. ಒಳಗೋಡೆಯನ್ನು ಸುತ್ತಿ ಇಳಿಯುವ ಎರಡು ಮೆಟ್ಟಿಲುದಾರಿಗಳು, ಒಂದೊಂದರಲ್ಲಿ 248 ಮೆಟ್ಟಿಲುಗಳು, ಬೆಳಕಿಗೆ ಸುಮಾರು 70 ಕಿಟಕಿಗಳು. ಖಾಲಿ ಕೊಡಗಳ ಹೇಸರಗತ್ತೆಗಳು ಒಂದು ದಾರಿಯಲ್ಲಿ ಇಳಿದು, ತಳದ ಪುಟ್ಟ ಸೇತುವೆ ದಾಟಿ, ನೀರು ಹೊತ್ತು ಇನ್ನೊಂದರಲ್ಲಿ ಏರುತ್ತಿದ್ದವು, ಎಲ್ಲಿಯೂ ಎದುರುಬದುರಾಗುತ್ತಿರಲಿಲ್ಲ. ಸಂತ ಪ್ಯಾಟ್ರಿಕರ ಬಾವಿ ಎಂಬ ಹೆಸರು ನಂತರದ್ದು. ಆ ಸಂತರಿಗೂ ಈ ಊರಿಗೂ ನಂಟಿಲ್ಲ.

ಮಂಡಿನೋವಿನ ಹಿರಿಯರನ್ನು ಮೇಲಿನ ಬೆಂಚಿನ ಮೇಲೆ ಕೂರಿಸಿ, ಮಕ್ಕಳೊಡನೆ ನೀವು ಇಳಿಯಿರಿ. ಏರುತ್ತಿರುವವರಿಗೆ ಅವರು ಎದುರಿನ ಕಿಟಕಿಯಿಂದ ಕೈಬೀಸುತ್ತಾರೆ, ಕೂಗಿದ ದನಿ ಬಾವಿಯ ತುಂಬ ಸುತ್ತುತ್ತದೆ. ಕೆಲಸ ಪೂರ್ಣಗೊಂಡದ್ದು 1537ರಲ್ಲಿ, ಜಗದ್ಗುರು ಮೂರನೆಯ ಪೌಲರ ಕಾಲದಲ್ಲಿ. ಕ್ಲೆಮೆಂಟರು 1528ರಲ್ಲಿಯೇ ಊರು ಬಿಟ್ಟಿದ್ದರು, 1534ರಲ್ಲಿ ತೀರಿಕೊಂಡಿದ್ದರು.