ಮೋಟಾರ್‌ಸೈಕಲ್ಲಿನ ಚಳಿಗಾಲ

ನಮ್ಮ ನಾಡಿನಲ್ಲಿ ಚಳಿಗಾಲವೆಂದರೆ ತಿರುಗಾಟಕ್ಕೆ ತಕ್ಕ ಕಾಲ. ಕಾರ್ತಿಕ ಕಳೆದು ಮಾಗಿಯ ಚಳಿ ಕಾಲಿಟ್ಟಿತೆಂದರೆ ಜಾತ್ರೆಗಳು, ಪರಿಷೆಗಳು, ನೆಂಟರಿಷ್ಟರ ಊರಿನ ಪ್ರಯಾಣಗಳು ಒಂದರ ಹಿಂದೊಂದು ಬರುತ್ತವೆ. ನಮ್ಮ ಕಾಲನ್ನು ಕಟ್ಟಿಹಾಕುವುದು ಮಳೆಗಾಲ. ಸಂನ್ಯಾಸಿಗಳು ಚಾತುರ್ಮಾಸ್ಯಕ್ಕೆಂದು ಒಂದೆಡೆ ನಿಲ್ಲುವುದೂ, ಮಲೆನಾಡಿನ ರೈತ ಜಗಲಿಯಲ್ಲಿ ಕುಳಿತು ಹಗ್ಗ ಹೊಸೆಯುವುದೂ ಆಗಲೇ. ಇಂಗ್ಲೆಂಡಿನಲ್ಲಿ ಈ ಲೆಕ್ಕ ಬೇರೆ. ಅಲ್ಲಿ ಡಿಸೆಂಬರಿನ ನಡುವೆ ಹಗಲಿನ ಅವಧಿ ಎಂಟು ಗಂಟೆಗೂ ಕಡಿಮೆ. ರಸ್ತೆಯ ಮೇಲೆ ಮಂಜು, ಹೆಪ್ಪುಗಟ್ಟಿದ ನೀರು, ಆ ಹೆಪ್ಪನ್ನು ಕರಗಿಸಲೆಂದು ಚೆಲ್ಲಿದ ಕಲ್ಲುಪ್ಪು. ಜಾರಿದರೆ ಸವಾರನಿಗೆ ಅಪಾಯ; ಜಾರದಿದ್ದರೂ ಉಪ್ಪು ತಗುಲಿದ ಕಬ್ಬಿಣಕ್ಕೆ ತುಕ್ಕು ತಪ್ಪಿದ್ದಲ್ಲ. ಆದಕಾರಣ ಅಲ್ಲಿಯ ಮೋಟಾರ್‌ಸೈಕಲ್ಲುಗಳಲ್ಲಿ ಬಹುಪಾಲು ನವೆಂಬರಿನಿಂದ ಫೆಬ್ರವರಿಯವರೆಗೆ ಕೊಟ್ಟಿಗೆ ಸೇರುತ್ತವೆ. ಹೀಗೆ ಕೊಟ್ಟಿಗೆ ಸೇರಿದ ಯಂತ್ರಕ್ಕೂ ಅದರ ಒಡೆಯನಿಗೂ ನಡುವೆ ಆ ನಾಲ್ಕು ತಿಂಗಳಲ್ಲಿ ನಡೆಯುವ ವ್ಯವಹಾರಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ನಾನು ಕನ್ನಡ ಕಲಿಸಿ ನಿವೃತ್ತನಾದವನು. ಯಂತ್ರಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ಹಳೆಯದನ್ನು ಹೇಗೆ ಉಳಿಸಿಕೊಳ್ಳಬೇಕು, ಎಷ್ಟನ್ನು ತಿದ್ದಬೇಕು, ಎಲ್ಲಿ ಕೈ ತಡೆಯಬೇಕು ಎಂಬ ಪ್ರಶ್ನೆಗಳು ತಾಳೆಗರಿಗಳ ನಡುವೆ ಕೆಲವು ವರ್ಷ ಕಳೆದವನಿಗೆ ಅಪರಿಚಿತವಲ್ಲ. ಆ ದಾರಿಯಿಂದಲೇ ನಾನು ಈ ವಿಷಯಕ್ಕೆ ಬಂದೆ.

ಇಪ್ಪತ್ತನೆಯ ಶತಮಾನದ ಆರಂಭದ ಮೋಟಾರ್‌ಸೈಕಲ್ಲು ಎಂಥದಿತ್ತೆಂಬುದನ್ನು ಮೊದಲು ತಿಳಿಯಬೇಕು. ಬ್ರಿಟನ್ನಿನಲ್ಲಿ 1903ರ ಕಾನೂನಿನ ಮೇರೆಗೆ 1904ರ ಜನವರಿ 1ರಿಂದ ಮೋಟಾರು ವಾಹನಗಳಿಗೆ ನೋಂದಣಿ ಸಂಖ್ಯೆ ಕಡ್ಡಾಯವಾಯಿತು. ವೇಗದ ಮಿತಿ ಗಂಟೆಗೆ 20 ಮೈಲಿ. ಅಂದಿನ ಯಂತ್ರ ಬಹುಮಟ್ಟಿಗೆ ಇಂಜಿನ್ ಹೊತ್ತ ಸೈಕಲ್ಲೇ ಆಗಿತ್ತು. ಇಂಜಿನ್ನಿನ ಶಕ್ತಿ ಹಿಂದಿನ ಚಕ್ರಕ್ಕೆ ತಲುಪುತ್ತಿದ್ದುದು ಒಂದು ಪಟ್ಟಿಯ ಮೂಲಕ. ಆ ಪಟ್ಟಿ ಒದ್ದೆಯಾದರೆ ಜಾರುತ್ತಿತ್ತು. ದೀಪಕ್ಕೆ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿ ಹುಟ್ಟುವ ಅನಿಲವೇ ಆಧಾರ. ಕಡುಚಳಿಯಲ್ಲಿ ಆ ನೀರೇ ಹೆಪ್ಪುಗಟ್ಟುತ್ತಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಸುಮಾರು 30,000 ಸಂಖ್ಯೆಯಲ್ಲಿ ಸಲ್ಲಿಕೆಯಾದ ಟ್ರಯಂಫ್ ಕಂಪನಿಯ ಮಾಡೆಲ್ ಎಚ್ ಕೂಡ ಹಿಂಚಕ್ರವನ್ನು ಪಟ್ಟಿಯಿಂದಲೇ ತಿರುಗಿಸುತ್ತಿತ್ತು. ಇಂಥ ವಾಹನ ಚಳಿಗಾಲದಲ್ಲಿ ಮೂಲೆ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಹಣದ ಕಾರಣವೂ ಕೂಡಿಕೊಂಡಿತ್ತು. 1921ರಲ್ಲಿ ತೆರಿಗೆಯ ದುಂಡು ಚೀಟಿ ಬಂದ ಮೇಲೆ ವರ್ಷಪೂರ್ತಿಯ ಬದಲು ಮೂರು ತಿಂಗಳ ಲೆಕ್ಕದಲ್ಲಿಯೂ ತೆರಿಗೆ ಕಟ್ಟಲು ಅವಕಾಶವಿತ್ತು. ಕಾರು ಕೊಳ್ಳಲಾರದೆ ಮೋಟಾರ್‌ಸೈಕಲ್ಲು ಕೊಂಡ ಕಾರ್ಮಿಕನಿಗೆ ಚಳಿಗಾಲದ ತೆರಿಗೆ ಉಳಿದರೆ ಅದೇ ಲಾಭ. ಉಳಿದ ಹಣದಲ್ಲಿ ಹೊಸ ಚೈನೋ ಟೈರೋ ಬರುತ್ತಿತ್ತು. ಉಳಿದ ಸಂಜೆಗಳಲ್ಲಿ ದುರಸ್ತಿ ನಡೆಯುತ್ತಿತ್ತು.

ಆ ದುರಸ್ತಿಯ ಸ್ವರೂಪವೇನು? ಬೇಸಗೆಯುದ್ದಕ್ಕೂ ‘ಆಮೇಲೆ ನೋಡೋಣ’ ಎಂದು ಮುಂದೂಡಿದ್ದೆಲ್ಲವೂ ಈಗ ಎದುರಿಗೆ ಬಂದು ನಿಲ್ಲುತ್ತಿತ್ತು. ಅಂದಿನ ಪೆಟ್ರೋಲಿನ ಮತ್ತು ಎಣ್ಣೆಯ ಗುಣದಿಂದಾಗಿ ಪಿಸ್ಟನ್ನಿನ ನೆತ್ತಿಯ ಮೇಲೂ ಸಿಲಿಂಡರಿನ ಒಳಭಾಗದಲ್ಲೂ ಮಸಿ ಗಟ್ಟಿಯಾಗಿ ಕೂರುತ್ತಿತ್ತು. ಮಸಿ ಹೆಚ್ಚಿದರೆ ಅದೇ ಕೆಂಡದಂತೆ ಕಾದು, ಕಿಡಿ ಹಾರುವ ಮೊದಲೇ ಇಂಧನವನ್ನು ಹೊತ್ತಿಸುತ್ತದೆ. ಇಂಜಿನ್ ಬಡಿದುಕೊಳ್ಳುತ್ತದೆ, ಬಲ ಕುಂದುತ್ತದೆ. ಆದ್ದರಿಂದ ಇಂಜಿನ್ನಿನ ತಲೆ ಬಿಚ್ಚಿ, ಲೋಹಕ್ಕೆ ಗೀರು ಬೀಳದಂತೆ ಮಸಿಯನ್ನು ಕೆರೆದು ತೆಗೆಯುವುದು ಚಳಿಗಾಲದ ಮೊದಲ ಕೆಲಸ. ಎರಡನೆಯದು ವಾಲ್ವುಗಳನ್ನು ತೇಯುವುದು. ವಾಲ್ವಿಗೂ ಅದು ಕೂರುವ ಪೀಠಕ್ಕೂ ನಡುವೆ ನಯವಾದ ತೇಯುವ ಪುಡಿಯ ಲೇಪ ಹಚ್ಚಿ, ಕಡೆಗೋಲನ್ನು ತಿರುಗಿಸಿದಂತೆ ಹಿಂದಕ್ಕೂ ಮುಂದಕ್ಕೂ ಹೊರಳಿಸುತ್ತ, ಎರಡೂ ಎಲ್ಲಿಯೂ ಸಂದಿಲ್ಲದೆ ಕೂಡುವವರೆಗೆ ತೇಯಬೇಕು. ಆತುರಗಾರನಿಗೆ ಒಗ್ಗುವ ಕೆಲಸವಲ್ಲ ಇದು. ಇವಲ್ಲದೆ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿ ಗ್ರೀಸಿನಲ್ಲಿ ಅದ್ದುವುದು, ಕಾರ್ಬುರೇಟರಿನ ಕಿರಿದಾರಿಗಳನ್ನು ಊದುವುದು, ಟೈರಿನ ಮೇಲೆ ಭಾರ ಬೀಳದಂತೆ ವಾಹನವನ್ನು ಎತ್ತಿ ನಿಲ್ಲಿಸುವುದು, ಸಿಲಿಂಡರಿಗೆ ಒಂದಿಷ್ಟು ಎಣ್ಣೆ ಬಿಟ್ಟು ತುಕ್ಕನ್ನು ತಡೆಯುವುದು ಇವೆಲ್ಲ ಇದ್ದವು.

ಎಲ್ಲರೂ ಚಳಿಗೆ ತಲೆಬಾಗಿದರೆಂದು ಹೇಳುವಂತಿಲ್ಲ. ಲಂಡನ್ನಿನಿಂದ ಎಕ್ಸಿಟರಿಗೆ ಹೋಗುವ ಹೆಸರಾಂತ ಪರೀಕ್ಷಾಯಾತ್ರೆ 1910ರಲ್ಲಿ ಮೊದಲಾದದ್ದು ಡಿಸೆಂಬರಿನ ಕೊನೆಯ ವಾರದಲ್ಲಿಯೇ. ಜರ್ಮನಿಯಲ್ಲಿ 1956ರಲ್ಲಿ ಸ್ಟುಟ್‌ಗಾರ್ಟಿನ ಬಳಿ ಆರಂಭವಾದ ‘ಆನೆಗಳ ಕೂಟ’ವೂ ನಡುಚಳಿಗಾಲದ್ದೇ; ‘ಹಸಿರು ಆನೆ’ ಎಂದು ಅಡ್ಡಹೆಸರು ಪಡೆದ ಸುಂಡಾಪ್ ಮೋಟಾರ್‌ಸೈಕಲ್ಲಿನಿಂದ ಆ ಕೂಟಕ್ಕೆ ಹೆಸರು ಬಂತು. ಆದರೆ ಇವು ಸಾಹಸಿಗಳ ಮಾತು. ಸಾಮಾನ್ಯ ಸವಾರ ಮನೆಯಲ್ಲಿಯೇ ಉಳಿದ. ಅವನಿಗೆ ಸಂಗಾತಿಯಾಗಿದ್ದದ್ದು ವಾರಪತ್ರಿಕೆ. ‘ದಿ ಮೋಟಾರ್ ಸೈಕಲ್’ ಎಂಬ ಪತ್ರಿಕೆ 1903ರಲ್ಲಿ ಹುಟ್ಟಿತು. ಅದರಲ್ಲಿ ‘ಇಕ್ಸಿಯನ್’ ಎಂಬ ಗುಪ್ತನಾಮದಿಂದ ಅರ್ಧ ಶತಮಾನದಷ್ಟು ಕಾಲ ಬರೆದವರು ಬೇಸಿಲ್ ಡೇವಿಸ್ ಎಂಬ ಪಾದ್ರಿ. ಗ್ರೀಕ್ ಪುರಾಣದ ಇಕ್ಸಿಯನ್ ಸದಾ ತಿರುಗುವ ಚಕ್ರಕ್ಕೆ ಬಿಗಿಯಲ್ಪಟ್ಟ ಶಾಪಗ್ರಸ್ತ. ಆ ಹೆಸರನ್ನು ಆರಿಸಿಕೊಂಡ ಪಾದ್ರಿಯ ವಿನೋದಪ್ರಜ್ಞೆಯನ್ನು ಮೆಚ್ಚಬೇಕು.

ಇಷ್ಟು ವರ್ಷಗಳ ಚಳಿಗಾಲಗಳಿಂದ ಬೆಳೆದದ್ದೇನೆಂದು ಕೇಳಿದರೆ, ನನ್ನ ಉತ್ತರ ಇದು: ಸವಾರನು ತನ್ನ ಯಂತ್ರವನ್ನು ಬಲ್ಲವನಾದ. ಓಡಿಸುವಾಗ ನಮಗೆ ತಿಳಿಯುವುದು ದಾರಿ. ನಿಲ್ಲಿಸಿ ಬಿಚ್ಚಿದಾಗಲೇ ಯಂತ್ರ ತಿಳಿಯುವುದು. ಈ ತಿಳಿವಿಗೆ ಮುಂದೆ ದೊಡ್ಡ ಚಳಿಗಾಲಗಳು ಎದುರಾದವು.

ಮೊದಲನೆಯದು ಯುದ್ಧದ ಚಳಿಗಾಲ. 1942ರ ಜುಲೈಯಲ್ಲಿ ಬ್ರಿಟಿಷ್ ಸರ್ಕಾರ ಖಾಸಗಿ ವಾಹನಗಳ ಮೂಲ ಪೆಟ್ರೋಲ್ ಪಡಿತರವನ್ನು ನಿಲ್ಲಿಸಿತು; ಅದು ಮರಳಿದ್ದು 1945ರ ಜೂನಿನಲ್ಲಿ. ಹೆಚ್ಚುಕಡಮೆ ಮೂರು ವರ್ಷ ಅಸಂಖ್ಯಾತ ವಾಹನಗಳು ಕೊಟ್ಟಿಗೆಯಿಂದ ಹೊರಬರಲಿಲ್ಲ. ಎಷ್ಟೋ ಹಳೆಯ ಯಂತ್ರಗಳು ಗುಜರಿಗೆ ಸೇರಿದವು. ಉಳಿದವನ್ನು ಉಳಿಸಬೇಕೆಂಬ ಎಚ್ಚರ ಆಗ ಬಲವಾಯಿತು. 1946ರಲ್ಲಿ ಟಿಚ್ ಆಲನ್ ಎಂಬವರ ಮುಂದಾಳುತನದಲ್ಲಿ ಕೆಲವರು ಗಿಲ್‌ಫರ್ಡಿನ ಬಳಿಯ ಹಾಗ್ಸ್ ಬ್ಯಾಕ್ ಎಂಬ ದಿಬ್ಬದಲ್ಲಿ ಸೇರಿ ಹಳೆಯ ಮೋಟಾರ್‌ಸೈಕಲ್ಲುಗಳ ಸಂಘವೊಂದನ್ನು ಕಟ್ಟಿದರು. ಇದಕ್ಕೂ ಮುಂಚೆ, 1930ರಲ್ಲಿಯೇ, 1915ಕ್ಕೆ ಹಿಂದಿನ ಯಂತ್ರಗಳಿಗೆಂದು ಲಂಡನ್ನಿನ ಅಂಚಿನಿಂದ ಬ್ರೈಟನ್ನಿನ ಕಡಲತೀರದವರೆಗೆ ‘ಪಯೊನೀರ್ ರನ್’ ಎಂಬ ಯಾತ್ರೆ ಮೊದಲಾಗಿತ್ತು. ಅದು ರೂಢಿಯಾಗಿ ನಡೆದುಬಂದ ತಿಂಗಳು ಮಾರ್ಚ್ ಎಂಬುದು ಗಮನಿಸತಕ್ಕ ಸಂಗತಿ. ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿ ಪಟ್ಟ ಶ್ರಮಕ್ಕೆ ವಸಂತದ ಬಾಗಿಲಲ್ಲಿಯೇ ಪರೀಕ್ಷೆ.

ಎರಡನೆಯದು ಉದ್ಯಮದ ಚಳಿಗಾಲ. ಇದರಿಂದ ವಸಂತ ಬಹುಕಾಲ ಮರಳಲಿಲ್ಲ. ವಿನ್ಸೆಂಟ್ ಕಂಪನಿ 1955ರಲ್ಲಿ ಮೋಟಾರ್‌ಸೈಕಲ್ ತಯಾರಿಕೆಯನ್ನು ನಿಲ್ಲಿಸಿತು. ಬಿ.ಎಸ್.ಎ. 1973ರಲ್ಲಿ ಕುಸಿಯಿತು. ಮೆರಿಡನ್ನಿನ ಟ್ರಯಂಫ್ ಕಾರ್ಖಾನೆಯನ್ನು ಮುಚ್ಚುವೆವೆಂದು ಅದೇ ವರ್ಷ ಪ್ರಕಟಿಸಿದಾಗ ಕಾರ್ಮಿಕರು ಕಾರ್ಖಾನೆಯನ್ನು ಬಿಡದೆ ನಿಂತು, ಮುಂದೆ ಸಹಕಾರ ಸಂಘ ಕಟ್ಟಿ ನಡೆಸಿದರು. 1983ರಲ್ಲಿ ಅದೂ ಮುಚ್ಚಿತು. ಕಾರ್ಖಾನೆ ಮುಚ್ಚಿದರೆ ಬಿಡಿಭಾಗ ಎಲ್ಲಿಂದ ಬರಬೇಕು? ಇಲ್ಲಿ ಕೈಹಿಡಿದದ್ದು ಕೊಟ್ಟಿಗೆಗಳಲ್ಲಿ ಬೆಳೆದ ಆ ತಿಳಿವೇ. ವಿನ್ಸೆಂಟ್ ಒಡೆಯರ ಸಂಘದವರು 1970ರ ದಶಕದಲ್ಲಿ ತಾವೇ ಬಿಡಿಭಾಗಗಳ ಕಂಪನಿಯೊಂದನ್ನು ಸ್ಥಾಪಿಸಿದರು. ಹಳೆಯ ಯಂತ್ರಗಳ ಸಂಘ ತನ್ನ ಗ್ರಂಥಾಲಯದಲ್ಲಿ ಮುಚ್ಚಿದ ಕಾರ್ಖಾನೆಗಳ ರವಾನೆ ಪುಸ್ತಕಗಳನ್ನು ಕಾಪಾಡಿತು. ಯಾವ ಇಂಜಿನ್, ಯಾವ ಚೌಕಟ್ಟು ಎಂದು ಹೊರಬಿತ್ತೆಂಬುದನ್ನು ಅವುಗಳಿಂದಲೇ ತಿಳಿಯಬೇಕು.

ಈ ಕಥೆಯಲ್ಲಿ ನಮ್ಮ ದೇಶವೂ ಬರುತ್ತದೆ. ರೆಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿಯೊಡನೆ 1955ರಲ್ಲಿ ಕೂಡಿಕೊಂಡು ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪಿತವಾಯಿತು. ಇಂಗ್ಲೆಂಡಿನ ತಾಯಿಕಂಪನಿ 1970ರ ಹೊತ್ತಿಗೆ ಕಣ್ಮುಚ್ಚಿತು. ಮದರಾಸಿನ ಮಗು ಬದುಕಿತು. 1977ರಿಂದ ಮದರಾಸಿನ ಬುಲೆಟ್ಟುಗಳು ಇಂಗ್ಲೆಂಡಿಗೇ ರಫ್ತಾದವು. ತಾನು ಮರೆತ ಕಸುಬನ್ನು ಇಂಗ್ಲೆಂಡು ತನ್ನ ಹಳೆಯ ವಸಾಹತಿನಿಂದ ಕೊಳ್ಳುವಂತಾಯಿತು.

ಈಗ ನನಗೆ ಮುಖ್ಯವೆನಿಸುವ ಪ್ರಶ್ನೆಗೆ ಬರುತ್ತೇನೆ. ಹಳೆಯ ಯಂತ್ರವನ್ನು ಸರಿಪಡಿಸುವುದೆಂದರೆ ಎಷ್ಟು? ಹೊಸ ಬಣ್ಣ ಬಳಿದು, ಹೊಸ ಕ್ರೋಮಿಯಂ ಲೇಪಿಸಿ, ಕಾರ್ಖಾನೆಯಿಂದ ಹೊರಟ ದಿನಕ್ಕಿಂತ ಹೆಚ್ಚು ಹೊಳೆಯುವಂತೆ ಮಾಡುವವರಿದ್ದಾರೆ. ಬಣ್ಣ ಮಾಸಿದ್ದರೂ ಮೂಲದ್ದೇ ಇರಲಿ, ಎಣ್ಣೆಬಟ್ಟೆಯಿಂದ ಒರೆಸಿ ಓಡಿಸಿದರೆ ಸಾಕು ಎನ್ನುವವರೂ ಇದ್ದಾರೆ. ಎರಡನೆಯವರ ಮಾತು ಇತ್ತೀಚೆಗೆ ಬಲವಾಗಿದೆ. ಗ್ರಂಥಸಂಪಾದನೆಯಲ್ಲಿಯೂ ಇದೇ ವಾದವಿದೆ. ಗರಿ ಮುರಿದು ಪದ್ಯದ ಪಾದವೊಂದು ಲುಪ್ತವಾಗಿದ್ದರೆ, ಛಂದಸ್ಸು ಬಲ್ಲ ಸಂಪಾದಕನು ಅದನ್ನು ತುಂಬಬಲ್ಲ. ಆದರೆ ತುಂಬಿದ್ದು ತಾನು ಎಂಬುದನ್ನು ಅವನು ಕಂಸದೊಳಗೆ ತೋರಿಸಲೇಬೇಕು. ತೋರಿಸದಿದ್ದರೆ ಅದು ಪ್ರಕ್ಷಿಪ್ತ. ಯಂತ್ರಕ್ಕೂ ಈ ನಿಯಮ ಸಲ್ಲುತ್ತದೆ. ಸವೆದ ಬೇರಿಂಗನ್ನು ಬದಲಿಸದೆ ಓಡಿಸುವುದು ಮೂರ್ಖತನ. ಬದಲಿಸಿದ್ದನ್ನು ಬರೆದಿಡದೆ, ಬೇರೆ ಬೇರೆ ಯಂತ್ರಗಳ ಅಂಗಗಳನ್ನು ಕೂಡಿಸಿ ‘ಇದು ಮೂಲವೇ’ ಎನ್ನುವುದು ಚರಿತ್ರೆಗೆ ಬಗೆಯುವ ದ್ರೋಹ.

ಈ ಪ್ರಶ್ನೆ ಬೆಂಕಿಯಲ್ಲಿಯೂ ಪರೀಕ್ಷೆಗೊಳಗಾಯಿತು. ಬರ್ಮಿಂಗ್‌ಹ್ಯಾಮಿನ ಹತ್ತಿರ 1984ರಲ್ಲಿ ತೆರೆದ ರಾಷ್ಟ್ರೀಯ ಮೋಟಾರ್‌ಸೈಕಲ್ ಸಂಗ್ರಹಾಲಯ 2003ರ ಸೆಪ್ಟೆಂಬರ್ 16ರಂದು ಹೊತ್ತಿ ಉರಿಯಿತು. ಐದು ಅಂಕಣಗಳಲ್ಲಿ ಮೂರು ನಾಶವಾದವು. ಸುಮಾರು 380 ಯಂತ್ರಗಳು ಸುಟ್ಟವು. ಅಲ್ಯೂಮಿನಿಯಂ ಕರಗಿಹೋಗಿತ್ತು, ಉಕ್ಕು ಬಾಗಿತ್ತು. 2004ರ ಡಿಸೆಂಬರಿನಲ್ಲಿ ಸಂಗ್ರಹಾಲಯ ಮತ್ತೆ ತೆರೆಯಿತು. ಸುಟ್ಟ ಯಂತ್ರಗಳಲ್ಲಿ ಬಹಳಷ್ಟನ್ನು ಮತ್ತೆ ಕಟ್ಟಲಾಯಿತು. ಹಾಗೆ ಕಟ್ಟಿದ್ದು ಹಳೆಯದೋ ಹೊಸದೋ? ಲೋಹದ ಲೆಕ್ಕದಲ್ಲಿ ಹೊಸದೆಂದೇ ಹೇಳಬೇಕಾದೀತು. ಆದರೆ ಅದನ್ನು ಕಟ್ಟಿದ ಕೈಗಳಲ್ಲಿದ್ದ ವಿದ್ಯೆ ಹಳೆಯದು. ಬೆಂಕಿ ಮುಟ್ಟಲಾರದೆ ಹೋದದ್ದು ಅದೊಂದನ್ನೇ. ಇದನ್ನು ಕಂಡ ಮೇಲೆ, ವಸ್ತುವನ್ನು ಉಳಿಸುವುದಕ್ಕಿಂತ ಮೊದಲು ವಿದ್ಯೆಯನ್ನು ಉಳಿಸಬೇಕೆಂದು ನನಗೆ ತೋರುತ್ತದೆ.

ಈ ಮಾತು ನಮ್ಮ ಮೈಸೂರಿಗೂ ಸಲ್ಲುತ್ತದೆ. 1961ರಲ್ಲಿ ಯಾದವಗಿರಿಯಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ ಚೆಕ್ ದೇಶದ ವಿನ್ಯಾಸವನ್ನು ನಮ್ಮ ದಾರಿಗಿಳಿಸಿತು. 1973ರಿಂದ ಅದರ ಯಂತ್ರಗಳು ಯೆಜ್ಡಿ ಎಂಬ ಹೆಸರಿನಿಂದ ಬಂದವು. 1996ರಲ್ಲಿ ಅದು ಮುಚ್ಚಿತು. ಇಂದಿಗೂ ಅಭಿಮಾನಿಗಳು ಜುಲೈ ತಿಂಗಳ ಎರಡನೆಯ ಭಾನುವಾರ ತಮ್ಮ ಜಾವಾ, ಯೆಜ್ಡಿಗಳೊಡನೆ ಸೇರುತ್ತಾರೆ. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಓಡುವ ಆ ಯಂತ್ರಗಳ ಸೈಲೆನ್ಸರಿನಲ್ಲಿ ಕೂರುವ ಮಸಿಯನ್ನು ಕಳೆಯುವುದು, ಒದ್ದು ಚಾಲೂ ಮಾಡುವ ಸನ್ನೆಯೇ ಮುಂದಕ್ಕೆ ಮಡಚಿದಾಗ ಗೇರು ಬದಲಿಸುವ ಸನ್ನೆಯಾಗುವ ಜಾಣತನ, ಬಡಿತದ ಸದ್ದಿನಿಂದಲೇ ದೋಷವನ್ನು ಗುರುತಿಸುವ ಕಿವಿ ಇವೆಲ್ಲ ನಮ್ಮ ಮೇಸ್ತ್ರಿಗಳಿಗೆ ಕರತಲಾಮಲಕ. ನಮಗೆ ಹಿಮದ ಬಿಡುವಿಲ್ಲ ನಿಜ. ಆಯುಧಪೂಜೆಯ ಒಂದು ದಿನ ಯಂತ್ರವನ್ನು ನಿಲ್ಲಿಸಿ, ತೊಳೆದು, ಕುಂಕುಮವಿಟ್ಟು ನಮಿಸುತ್ತೇವೆ. ಆದರೆ ಮರುದಿನ ಅದು ದಾರಿಗಿಳಿಯುತ್ತದೆ. ಒಳಗನ್ನು ಬಿಚ್ಚಿ ನೋಡುವ ವ್ಯವಧಾನ ನಮಗಿಲ್ಲ.

ಆ ಕಾರ್ಖಾನೆಯಲ್ಲಿ ಮೊದಲ ವರ್ಷಗಳಲ್ಲಿ ದುಡಿದವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರು ಬಲ್ಲ ಅಳತೆಗಳು, ಉಪಾಯಗಳು, ಒಂದೊಂದು ಭಾಗಕ್ಕೂ ಅವರು ಬಳಸುತ್ತಿದ್ದ ಕನ್ನಡದ ಮಾತುಗಳು ಯಾವ ನಿಘಂಟಿನಲ್ಲಿಯೂ ಸೇರದೆ ಉಳಿದಿವೆ. ಇಂಗ್ಲೆಂಡಿನವರು ತಮ್ಮ ಚಳಿಗಾಲದ ಸಂಜೆಗಳಲ್ಲಿ ಮಾಡಿದ್ದನ್ನು ನಾವು ನಮ್ಮ ಆಷಾಢದ ಮಳೆಯ ಸಂಜೆಗಳಲ್ಲಿಯಾದರೂ ಮಾಡಬಹುದು. ಕನ್ನಡ ಓದಿದ ತರುಣರು ಇಬ್ಬರು ಮೂವರು ಒಂದು ನೋಟುಪುಸ್ತಕ ಹಿಡಿದು ಆ ಹಿರಿಯರ ಬಳಿ ಕುಳಿತು, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡರೆ ಅದೇ ಒಂದು ಗ್ರಂಥವಾದೀತು. ಕೆಲಸ ಆರಂಭಿಸಲು ಈ ವರ್ಷದ ಮಳೆಗಾಲಕ್ಕಿಂತ ತಡಮಾಡಬಾರದು.