ಬಾಣದ ವೇಗವೂ ಜಿಂಕೆಯ ಕಿವಿಯೂ

ಉಡುಪಿಯಿಂದ ಹಿರಿಯಡ್ಕವನ್ನು ಹಾದು ಹೆಬ್ರಿಯ ಕಡೆಗೆ ಸಾಗುವ ದಾರಿಯಲ್ಲಿ ಪೆರ್ಡೂರೆಂಬ ಊರುಂಟು. ಅನಂತಪದ್ಮನಾಭನ ದೇವಾಲಯಕ್ಕೂ, ಆ ದೇವರ ಹೆಸರಿನಲ್ಲಿ ತಿರುಗಾಟ ಮಾಡುವ ಯಕ್ಷಗಾನ ಮೇಳಕ್ಕೂ ಅದು ಹೆಸರಾದುದು. ಈ ಸೀಮೆಯ ಬಯಲಾಟದಲ್ಲಿ ಕಿರಾತನ ಒಡ್ಡೋಲಗವನ್ನು ಕಂಡವರು ಅದನ್ನು ಮರೆಯಲಾರರು. ಚೆಂಡೆಯ ಅಬ್ಬರವೇನು, ಕೂಗಾಟವೇನು, ಬಿಲ್ಲನ್ನು ಝಳಪಿಸುವ ಠೀವಿಯೇನು! ಆಟವನ್ನು ನೋಡಿ ಮನೆಗೆ ಮರಳುವಾಗ ನಮಗೊಂದು ಸಂದೇಹ ಮೂಡಿತು. ಇಷ್ಟು ಗದ್ದಲವಿದ್ದರೆ ಜಿಂಕೆಯು ಬಾಣಕ್ಕಾಗಿ ಕಾದು ನಿಂತೀತೆ?

ಈ ಗದ್ದಲ ಸುಳ್ಳೆಂದು ನಾವು ಹೇಳುತ್ತಿಲ್ಲ. ಕಾಡನ್ನು ಬಡಿದು, ಮೃಗಗಳನ್ನೆಬ್ಬಿಸಿ, ಬಲೆಯ ಕಡೆಗೆ ಅಟ್ಟುವ ಬೇಟೆಯಲ್ಲಿ ಕೂಗೇ ಆಯುಧ. ಹೊಂಚುಬೇಟೆಯ ಮಾತು ಬೇರೆ. ಅಲ್ಲಿ ಒಬ್ಬನೇ ಬಿಲ್ಲಾಳು, ಒಂದೇ ಬಾಣ, ಎದುರಿಗೆ ಮೇಯುತ್ತಿರುವ ಒಂದು ಜಿಂಕೆ. ಬಾಣವು ವೇಗವಾಗಿ ಹೋದಷ್ಟೂ ಬೇಟೆ ಸುಲಭವೆಂದು ಸಾಮಾನ್ಯರ ಭಾವನೆ. ಅದನ್ನು ಸ್ವಲ್ಪ ಲೆಕ್ಕಹಾಕಿ ನೋಡೋಣ.

ಹಳೆಯ ಬಗೆಯ ಒಳ್ಳೆಯ ಕೈಬಿಲ್ಲಿನಿಂದ ಹೊರಟ ಬಾಣವು ಸೆಕೆಂಡಿಗೆ ಸುಮಾರು 150 ಅಡಿ ಸಾಗುತ್ತದೆಂದು ಇಟ್ಟುಕೊಳ್ಳಿ. ರಾಟೆಗಳನ್ನು ಅಳವಡಿಸಿದ ಈಗಿನ ಯಂತ್ರಬಿಲ್ಲು ಅದರ ಇಮ್ಮಡಿಯಾದ 300 ಅಡಿಯನ್ನು ಮುಟ್ಟುತ್ತದೆ. ಶಬ್ದವಾದರೋ ಸೆಕೆಂಡಿಗೆ 1,100 ಅಡಿಗೂ ಮಿಗಿಲಾಗಿ ಧಾವಿಸುತ್ತದೆ. ಜಿಂಕೆಯು 60 ಅಡಿ ದೂರದಲ್ಲಿದ್ದರೆ ಹೆದೆಯ ಸದ್ದು ಅದರ ಕಿವಿಗೆ ಬೀಳುವುದಕ್ಕೆ ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು ಸಾಕು. ಕೈಬಿಲ್ಲಿನ ಬಾಣಕ್ಕೆ ಹತ್ತರಲ್ಲಿ ನಾಲ್ಕು ಪಾಲು ಬೇಕು, ಯಂತ್ರಬಿಲ್ಲಿನ ಬಾಣಕ್ಕೆ ಎರಡು ಪಾಲು. ದಶರಥನು ಶಬ್ದವನ್ನು ಕೇಳಿ ಬಾಣವನ್ನು ಬಿಟ್ಟನು. ಇಲ್ಲಿ ಬಾಣಕ್ಕಿಂತ ಮೊದಲೇ ಶಬ್ದವು ಜಿಂಕೆಯನ್ನು ಮುಟ್ಟಿ ಎಚ್ಚರಿಸುತ್ತದೆ. ಬೆಚ್ಚಿದ ಜಿಂಕೆಯು ಒಡನೆ ಮೇಲಕ್ಕೆ ನೆಗೆಯುವುದಿಲ್ಲ. ನೆಗೆಯುವುದಕ್ಕಾಗಿ ಮೊದಲು ಕಾಲುಗಳನ್ನು ಮಡಿಸಿ ಮೈಯನ್ನು ತಗ್ಗಿಸುತ್ತದೆ. ಎದೆಗೆ ಗುರಿಯಿಟ್ಟ ಬಾಣವು ಬೆನ್ನಿಗೆ ನಾಟುವುದೋ, ಮೇಲೆ ಹಾರಿಹೋಗುವುದೋ ಆ ಕ್ಷಣದಲ್ಲಿಯೇ ತೀರ್ಮಾನವಾಗುತ್ತದೆ.

ಹಾಗಾದರೆ ವೇಗದಿಂದ ಪ್ರಯೋಜನವೇ ಇಲ್ಲವೆ? ಉಂಟು, ಆದರೆ ಅದು ಬೇರೊಂದು ಕಡೆ. 60 ಅಡಿಯೆಂದು ಅಂದಾಜುಮಾಡಿ ಹೂಡಿದ ಗುರಿಯು ನಿಜವಾಗಿ 75 ಅಡಿಯಲ್ಲಿದ್ದರೆ, ನಿಧಾನದ ಬಾಣವು ಒಂಬತ್ತು ಹತ್ತು ಅಂಗುಲ ಕೆಳಗೆ ಬೀಳುತ್ತದೆ. ಇಮ್ಮಡಿ ವೇಗದ ಬಾಣವು ಎರಡೂವರೆ ಅಂಗುಲದಷ್ಟು ಮಾತ್ರ. ಎಂದರೆ ವೇಗವು ಬಿಲ್ಲಾಳಿನ ಕಣ್ಣಿನ ತಪ್ಪನ್ನು ಬಹುಮಟ್ಟಿಗೆ ಕ್ಷಮಿಸುತ್ತದೆ, ಜಿಂಕೆಯ ಕಿವಿಯನ್ನು ಮಾತ್ರ ಗೆಲ್ಲಲಾರದು. ವೇಗಕ್ಕಾಗಿ ಬಾಣವನ್ನು ತೀರ ಹಗುರಮಾಡಿದರೆ ಬಿಲ್ಲಿನ ಸದ್ದು ಹೆಚ್ಚುತ್ತದೆ, ಮೂಳೆಗೆ ತಾಗಿದ ಬಾಣವು ಒಳಹೊಗದೆ ನಿಲ್ಲುವುದೂ ಉಂಟು. ಭಾರವಾದ ಬಾಣ, ಹರಿತವಾದ ಅಲಗು, ಸದ್ದಿಲ್ಲದ ಹೆದೆ, ಇವುಗಳ ಬೆಲೆಯನ್ನು ಹಳೆಯ ಬೇಡರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅವರ ನಿಜವಾದ ವಿದ್ಯೆಯೆಂದರೆ ದೂರವನ್ನು ತಗ್ಗಿಸುವುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದವನು. ಅವನ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದಕ್ಕೆ ವಿಸ್ತಾರವಾದ ಸ್ಥಳ ದೊರೆತಿದೆ. ನೀರಿಗೆ ಬರುವ ಮೃಗವನ್ನು ಕಾಯುವುದು, ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಹತ್ತಿರಕ್ಕೆ ಸೆಳೆಯುವುದು, ಇಂತಹ ಉಪಾಯಗಳು ಅಲ್ಲಿ ಬರುತ್ತವೆ. ಚಕ್ರವರ್ತಿಗೆ ಉತ್ತಮವಾದ ಬಿಲ್ಲುಗಳ ಕೊರತೆಯಿದ್ದಿರಲಾರದು; ಆದರೂ ಅವನು ಉಪಾಯವನ್ನೇ ಆಶ್ರಯಿಸಿದನೆಂಬುದು ನಮಗೆ ಅರ್ಥವತ್ತಾಗಿ ತೋರುತ್ತದೆ.

ಭೂಮಿಯ ಇನ್ನೊಂದು ಮಗ್ಗುಲಲ್ಲಿಯೂ ಇದೇ ಕಥೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬಲ್ಲಿ ಯಾಹಿ ಬುಡಕಟ್ಟಿನಲ್ಲಿ ಕೊನೆಗೆ ಉಳಿದ ಒಬ್ಬ ವ್ಯಕ್ತಿ ಹೊರಜಗತ್ತಿಗೆ ಕಾಣಿಸಿಕೊಂಡನು. ಅವನನ್ನು ಇಶಿ ಎಂದು ಕರೆದರು. ಸ್ಯಾನ್ ಫ್ರಾನ್ಸಿಸ್ಕೋದ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ವಿದ್ಯೆಯನ್ನು ಕಲಿತು, 1923ರಲ್ಲಿ ಅದನ್ನು ಕುರಿತು ಪುಸ್ತಕವನ್ನೇ ಪ್ರಕಟಿಸಿದನು. ಒಣಹುಲ್ಲು ತುಂಬಿದ ಜಿಂಕೆಯ ತಲೆಯನ್ನು ಧರಿಸಿ ಪೊದೆಯ ಮರೆಯಿಂದ ಆಡಿಸಿ, ಕುತೂಹಲಗೊಂಡ ಜಿಂಕೆಯನ್ನು ಬಳಿಗೆ ಬರಮಾಡಿಕೊಳ್ಳುವುದು ಇಶಿಯ ಪದ್ಧತಿಗಳಲ್ಲೊಂದು. ಕಲ್ಯಾಣದ ಅರಸನೂ ಆ ಏಕಾಂಗಿಯೂ ಒಂದೇ ಗುರುವಿನಲ್ಲಿ ಕಲಿತಂತೆ ಕಾಣುತ್ತದೆ. ಆ ಗುರು ಜಿಂಕೆಯೇ ಸರಿ.

ಇಷ್ಟಾಗಿಯೂ ಬಾಣ ತಾಗಿದ ಜಿಂಕೆಯು ಸಾಮಾನ್ಯವಾಗಿ ನಿಂತಲ್ಲಿಯೇ ಬೀಳುವುದಿಲ್ಲ. ರಕ್ತ ಹರಿದುಹೋಗಿ ಸಾಯುವವರೆಗೂ ಓಡುತ್ತದೆ. ಬಾಣವು ಹೊಟ್ಟೆಗೆ ತಾಗಿದರೆ ಆ ಸಂಕಟ ಗಂಟೆಗಟ್ಟಲೆ ಮುಂದುವರಿಯುತ್ತದೆ. ಆದುದರಿಂದ ಬಾಣವನ್ನು ಬಿಡದೆ ಹಿಂದಿರುಗುವ ದಿನಗಳೇ ಒಳ್ಳೆಯ ಬೇಟೆಗಾರನಿಗೆ ಹೆಚ್ಚು. ನೆತ್ತರ ಜಾಡನ್ನು ಹಿಡಿಯಲು ನಾಯಿ ಬೇಕಾಗುತ್ತಿತ್ತು. ಬೇಟೆನಾಯಿಗೆ ನಮ್ಮವರು ಕೊಟ್ಟ ಮರ್ಯಾದೆಯನ್ನು ಮಂಡ್ಯ ಸೀಮೆಯ ಆತಕೂರಿನ ಶಾಸನದಲ್ಲಿ ಕಾಣಬಹುದು. ಮಣಲೆರನು ಶೌರ್ಯಕ್ಕೆ ಬಹುಮಾನವಾಗಿ ಬೇಡಿ ಪಡೆದ ಕಾಳಿಯೆಂಬ ನಾಯಿಯು ಹಂದಿಯೊಡನೆ ಹೋರಾಡಿ ಸತ್ತಿತು. ಹತ್ತನೆಯ ಶತಮಾನದ ನಡುವಿನಲ್ಲಿ ಅದರ ನೆನಪಿಗೆ ಕಲ್ಲು ನಿಂತಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ನಮ್ಮ ದೇಶದಲ್ಲಿ ಜಿಂಕೆಯ ಬೇಟೆ ಅಪರಾಧವಾಗಿದೆ. ಪೆರ್ಡೂರಿನಿಂದ ಘಟ್ಟದ ಕಡೆಗೆ ನಡೆದರೆ, ಹೆಬ್ರಿಯನ್ನು ದಾಟಿದ ಮೇಲೆ, 1974ರಲ್ಲಿ ಏರ್ಪಟ್ಟ ಸೋಮೇಶ್ವರ ಅಭಯಾರಣ್ಯವು ಸಿಗುತ್ತದೆ. ಅಲ್ಲಿ ಕಡವೆಯೂ ಜಿಂಕೆಯೂ ಇಂದಿಗೂ ಕಿವಿ ನಿಮಿರಿಸಿ ಮೇಯುತ್ತಿವೆ.